ಧಾರವಾಡದ ಮಕ್ಕಳು ಮತ್ತು ಬುದ್ಧಿಯ ಅಳತೆ

(ಲೇಖಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು. ಸದ್ಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್)

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಫೋನ್ ಮಾಡಿದಾಗ, ‘ಸರ್, ನಾನು ಕಂಪ್ಯೂಟರಿನವ, ನನಗೇನು ಬರೆಯಲು ಬರುತ್ತದೆ’ ಎಂದು ತಪ್ಪಿಸಿಕೊಳ್ಳಲು ನೋಡಿದೆ. ‘ಶಾಲಿ ಬಗ್ಗೆ ಹೊಗಳಿ ಬರಿಯಾವರು ಬ್ಯಾರೆ ಅದಾರ. ನೀ ನಮ್ಮ ಹುಡುಗರಿಗೆ ಉಪಯೋಗ ಆಗೂವಂಥಾದ್ದು ಬರಿ’ ಎಂದರು. ಗುರುಗಳ ಮಾತು ಮೀರಲಾಗದೆ ಇದನ್ನು ಬರೆಯುತ್ತಿದ್ದೇನೆ. ನಮ್ಮ ಊರಿನಿಂದ ಇಂದು ಎಷ್ಟೋ ತಂಗಿಯರು, ತಮ್ಮಂದಿರು ಡಿ.ಇಡಿ., ಬಿ.ಇಡಿ. ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಅಂದರೆ ಟಿಇಟಿಗೆ ಓದುತ್ತಿದ್ದಾರೆ. ಆ ಪರೀಕ್ಷೆಯ 150 ಅಂಕಗಳಲ್ಲಿ 30 ಅಂಕ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ ಮೀಸಲು. ಅವರೆಲ್ಲ ಬಾಯಿಪಾಠ ಮಾಡುವ ಒಂದು ಸಾಲಿನ ಹಿಂದೆ ನಮ್ಮದೇ ಜಿಲ್ಲೆಯ ಚರಿತ್ರೆ ಇದೆ. ಅದು ನನಗೆ ಗೊತ್ತಾದದ್ದು ಒಂದು ಫೋನ್ ಕರೆಯಿಂದ.

ಎಪ್ಪತ್ತೆರಡು ಅಂದರೆ ಏನು?

ಕರೆ ಮಾಡಿದವನು ನನ್ನ ಕಾಕಾನ ಮಗ. ನನಗಿಂತ ಎಂಟು ತಿಂಗಳು ಚಿಕ್ಕವನು. ಒಂದೇ ಬೆಂಚಿನಲ್ಲಿ ಕುಳಿತು ಇದೇ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ನಾವು. ಅವನೀಗ ಊರಲ್ಲೇ ಹೊಲ ನೋಡಿಕೊಂಡಿದ್ದಾನೆ. ಅವನ ಹತ್ತು ವರ್ಷದ ಮಗಳು ಓದಿನಲ್ಲಿ ಬಹಳ ಹಿಂದೆ ಬಿದ್ದಿದ್ದಳು. ಒಮ್ಮೆ ತೋರಿಸಿ ಎಂದು ಅವಳ ಟೀಚರ್ ಹೇಳಿದ ಮೇಲೆ ಹುಬ್ಬಳ್ಳಿಯ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಒಬ್ಬ ಮೇಡಂ ಮಗುವನ್ನು ಎದುರಿಗೆ ಕೂರಿಸಿಕೊಂಡು ಕನ್ನಡದಲ್ಲಿ ಪ್ರಶ್ನೆ ಕೇಳಿ, ಚಿತ್ರ ತೋರಿಸಿ, ಅಂಕಿ ಹೇಳಿಸಿ, ಕೊನೆಗೆ ಒಂದು ಹಾಳೆ ಕೊಟ್ಟರಂತೆ.

‘ಎಪ್ಪತ್ತೆರಡು ಬಂದೈತಿ ಅಣ್ಣಾ. ಫಸ್ಟ್ ಕ್ಲಾಸ್ ಆತಲ್ಲ? ಮತ್ತ ಮೇಡಂ ಯಾಕ ಮಾರಿ ಸಣ್ಣ ಮಾಡಿದ್ರು?’ ಎಂದು ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ಹಾಳೆಯ ಫೋಟೋ ಕಳಿಸು ಎಂದೆ. ಧಾರವಾಡದಲ್ಲಿ ರೂಮು ಮಾಡಿಕೊಂಡು ಟಿಇಟಿಗೆ ಓದುತ್ತಿದ್ದ ನನ್ನ ತಂಗಿಗೆ ಅದನ್ನು ಕಳಿಸಿ ಕೇಳಿದೆ. ಅವಳು ಗೈಡ್ ನೋಡದೆಯೇ ಹೇಳಿದಳು: ‘ಅದು ಮಾರ್ಕ್ಸ್ ಅಲ್ಲಣ್ಣಾ, ಬುದ್ಧಿಲಬ್ಧ. ನೂರಕ್ಕ ಸರಾಸರಿ. ಎಪ್ಪತ್ತರಿಂದ ಎಪ್ಪತ್ತೊಂಬತ್ತು ಗಡಿರೇಖೆ. ಅದಕ್ಕೂ ಕೆಳಗ ಬಂದ್ರ ಬುದ್ಧಿಮಾಂದ್ಯ ಅಂತಾರ.’ ಹಾಳೆಯ ಮೇಲೆ ‘ಬಿನೆ–ಕಾಮತ್ ಪರೀಕ್ಷೆ’ ಎಂದಿತ್ತು. ಅದೇನು ಎಂದೆ. ‘ಬಿನೆ ಪರೀಕ್ಷೆಯನ್ನ ಕನ್ನಡಕ್ಕ ಅಳವಡಿಸಿದವರು ಯಾರು? ವಿ.ವಿ. ಕಾಮತ್. ಒಂದ ಮಾರ್ಕಿನ ಪ್ರಶ್ನೆ’ ಎಂದಳು. ಕಾಮತರು ಯಾರು, ಯಾವ ಮಕ್ಕಳನ್ನು ಅಳೆದರು ಎಂದರೆ ಅವಳಿಗೂ ಗೊತ್ತಿರಲಿಲ್ಲ. ಗೈಡಿನಲ್ಲಿ ಇದ್ದದ್ದು ಅಷ್ಟೇ.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಹುಡುಕಿ ಓದಿದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಕಾಕಾನ ಮಗನನ್ನು ಕೇಳಿಯೇ ಅವನ ವಿಷಯ ಬರೆದಿದ್ದೇನೆ. ಹೆಸರು ಮಾತ್ರ ಬೇಡ ಎಂದ.

ಪ್ಯಾರಿಸಿನಲ್ಲಿ ಆರಂಭ

ಫ್ರಾನ್ಸ್ ದೇಶದಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಯಿತು. ಅಲ್ಲಿಯವರೆಗೆ ಶಾಲೆಯ ಬಾಗಿಲನ್ನೇ ಕಾಣದಿದ್ದ ಕೂಲಿಕಾರರ, ಬಡವರ ಮಕ್ಕಳೂ ತರಗತಿಗೆ ಬಂದರು. ಕೆಲವರು ಪಾಠದ ಜೊತೆ ಸಾಗಲಾರದೆ ಹಿಂದುಳಿದರು. ಅವರನ್ನು ಏನು ಮಾಡುವುದು? 1904ರಲ್ಲಿ ಸರ್ಕಾರ ಒಂದು ಸಮಿತಿ ನೇಮಿಸಿತು. ಅದರ ಸದಸ್ಯರಲ್ಲಿ ಒಬ್ಬರು ಆಲ್ಫ್ರೆಡ್ ಬಿನೆ. ಇಂಥ ಮಗುವಿಗೆ ವಿಶೇಷ ಸಹಾಯ ಬೇಕು ಎಂದು ಮಾಸ್ತರರ ಸಿಟ್ಟು ಅಥವಾ ಅಂದಾಜಿನ ಮೇಲೆ ತೀರ್ಮಾನಿಸಬಾರದು, ಎಲ್ಲರಿಗೂ ಒಂದೇ ರೀತಿಯ ಪರೀಕ್ಷೆ ಇರಬೇಕು ಎಂಬುದು ಅವರ ಯೋಚನೆ. 1905ರಲ್ಲಿ ಥಿಯೋಡೋರ್ ಸಿಮೋನ್ ಎಂಬ ತರುಣ ವೈದ್ಯರ ಜೊತೆ ಸೇರಿ 30 ಪ್ರಶ್ನೆಗಳ ಮೊದಲ ಪರೀಕ್ಷೆ ಹೊರತಂದರು. ಸುಲಭದಿಂದ ಕಠಿಣದ ಕಡೆಗೆ ಹೋಗುವ ಪ್ರಶ್ನೆಗಳು ಅವು.

1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದರು. ಏಳು ವರ್ಷದ ಬಹುಪಾಲು ಮಕ್ಕಳು ಮಾಡಬಲ್ಲ ಪ್ರಶ್ನೆಗಳು ಏಳರ ಗುಂಪಿಗೆ, ಎಂಟು ವರ್ಷದವರು ಮಾಡಬಲ್ಲವು ಎಂಟರ ಗುಂಪಿಗೆ. ಹತ್ತು ವರ್ಷದ ಮಗು ಏಳರ ಗುಂಪಿನವರೆಗೆ ಮಾತ್ರ ಉತ್ತರಿಸಿದರೆ ಅದರ ಮಾನಸಿಕ ಮಟ್ಟ ಏಳು. ಇದೇ ಇಂದು ಪುಸ್ತಕಗಳಲ್ಲಿ ಬರುವ ‘ಮಾನಸಿಕ ವಯಸ್ಸು’.

ಇಲ್ಲಿ ಒಂದು ಮಾತು ಮುಖ್ಯ. ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ನಿಗದಿಯಾಗಿರುತ್ತದೆ ಎಂಬ ಮಾತನ್ನು ಬಿನೆ ಒಪ್ಪಲಿಲ್ಲ. 1909ರಲ್ಲಿ ಬರೆದ ಪುಸ್ತಕದಲ್ಲಿ ಅಂಥ ನಿರಾಶಾವಾದವನ್ನು ಖಂಡಿಸಿದರು. ಕಾಲಿಗೆ ವ್ಯಾಯಾಮ ಮಾಡಿಸುವಂತೆ ಗಮನಕ್ಕೆ, ನೆನಪಿಗೆ, ವಿಚಾರಶಕ್ತಿಗೆ ವ್ಯಾಯಾಮ ಕೊಟ್ಟು ಹಿಂದುಳಿದ ಮಕ್ಕಳನ್ನು ಮುಂದೆ ತರಬಹುದು ಎಂದು ನಂಬಿ, ಅಂಥ ತರಗತಿಗಳ ಪರವಾಗಿ ವಾದಿಸಿದರು. ಅವರಿಗೆ ಪರೀಕ್ಷೆ ಬೇಕಾದದ್ದು ಮಗುವನ್ನು ಹುಡುಕಿ ಸಹಾಯ ಮಾಡುವುದಕ್ಕೆ. 1911ರಲ್ಲಿ ಇನ್ನೊಂದು ಪರಿಷ್ಕರಣೆ ಮುಗಿಸಿದ ಅದೇ ವರ್ಷ ಬಿನೆ ತೀರಿಕೊಂಡರು.

ಭಾಗಾಕಾರದ ಲೆಕ್ಕ

ಮರುವರ್ಷ 1912ರಲ್ಲಿ ಜರ್ಮನಿಯ ವಿಲಿಯಂ ಸ್ಟರ್ನ್, ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಬೇಕು ಎಂದರು. ನಾಲ್ಕು ವರ್ಷದ ಮಗು ಎರಡು ವರ್ಷ ಹಿಂದುಳಿಯುವುದಕ್ಕೂ ಹದಿನಾಲ್ಕರ ಮಗು ಎರಡು ವರ್ಷ ಹಿಂದುಳಿಯುವುದಕ್ಕೂ ವ್ಯತ್ಯಾಸ ಇದೆಯಲ್ಲ! 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಬಿನೆಯ ಪರೀಕ್ಷೆಯನ್ನು ಬೆಳೆಸಿ ‘ಸ್ಟ್ಯಾನ್‌ಫರ್ಡ್–ಬಿನೆ’ ಎಂದು ಹೊರತಂದರು. ದಶಮಾಂಶದ ತೊಡಕು ತಪ್ಪಲೆಂದು ಉತ್ತರವನ್ನು ನೂರರಿಂದ ಗುಣಿಸಿದರು. ನಾವು ಐದನೆಯ ತರಗತಿಯಲ್ಲಿ ಭಾಗಾಕಾರ ಮಾಡಿ ‘ಭಾಗಲಬ್ಧ’ ಬರೆಯುತ್ತಿದ್ದೆವಲ್ಲ, ಅದೇ ಲಬ್ಧ ಈ ಬುದ್ಧಿಲಬ್ಧದಲ್ಲಿರುವುದು. ಐ.ಕ್ಯೂ. ಎಂದು ಕರೆಯುವುದೂ ಇದನ್ನೇ.

ಪರೀಕ್ಷೆಗೆ ಕೂಡುವವರು ಸೂತ್ರ ಬಾಯಿಪಾಠ ಮಾಡುವ ಬದಲು ಒಂದು ಲೆಕ್ಕ ಬಿಡಿಸಿ ನೋಡಲಿ. ಮಗುವಿನ ವಯಸ್ಸು 10 ವರ್ಷ 5 ತಿಂಗಳು, ಅಂದರೆ 125 ತಿಂಗಳು. ಆರು ವರ್ಷದ ಗುಂಪಿನ ಎಲ್ಲ ಪ್ರಶ್ನೆಗಳಿಗೂ ಸರಿ ಉತ್ತರ ಕೊಟ್ಟಿತು. ಇದು ತಳ ವಯಸ್ಸು: 72 ತಿಂಗಳು. ಈ ವಯಸ್ಸುಗಳಲ್ಲಿ ಪ್ರತಿ ಗುಂಪಿಗೆ ಆರು ಪ್ರಶ್ನೆ, ಪ್ರತಿ ಪ್ರಶ್ನೆಗೆ 2 ತಿಂಗಳು. ಏಳರ ಗುಂಪಿನಲ್ಲಿ 5 ಸರಿ, ಅಂದರೆ 10 ತಿಂಗಳು. ಎಂಟರಲ್ಲಿ 3 ಸರಿ, 6 ತಿಂಗಳು. ಒಂಬತ್ತರಲ್ಲಿ 1 ಸರಿ, 2 ತಿಂಗಳು. ಹತ್ತರಲ್ಲಿ ಒಂದೂ ಇಲ್ಲ, ಅಲ್ಲಿಗೆ ನಿಲ್ಲಿಸಬೇಕು. ಒಟ್ಟು 90 ತಿಂಗಳು. 90 ಭಾಗಿಸು 125, ಗುಣಿಸು 100. ಉತ್ತರ 72.

ನನ್ನ ಕಾಕಾನ ಮಗ ಫಸ್ಟ್ ಕ್ಲಾಸ್ ಎಂದುಕೊಂಡದ್ದು ಈ 72. ಶಾಲೆಯ ಅಂಕದಲ್ಲಿ ನೂರು ಎಂದರೆ ಗರಿಷ್ಠ. ಬುದ್ಧಿಲಬ್ಧದಲ್ಲಿ ನೂರು ಎಂದರೆ ಆ ವಯಸ್ಸಿನವರ ಸರಾಸರಿ. ಅಂಕಿ ಒಂದೇ, ಅಳತೆ ಬೇರೆ.

ಅಳತೆ ದಾರಿ ತಪ್ಪಿದ ಕಥೆ

ಸಹಾಯಕ್ಕೆಂದು ಹುಟ್ಟಿದ ಪರೀಕ್ಷೆ ಅಮೆರಿಕದಲ್ಲಿ ಬೇರೆಯವರ ಕೈಗೆ ಸಿಕ್ಕಿತು. ಅಲ್ಲಿಗೆ ಅದನ್ನು ಮೊದಲು ತಂದವರು ಹೆನ್ರಿ ಗೊಡಾರ್ಡ್. ಬುದ್ಧಿ ವಂಶದಿಂದ ಬರುವುದು, ಅದು ಬದಲಾಗದು ಎಂಬುದು ಅವರ ನಂಬಿಕೆ. 1913ರ ಸುಮಾರಿಗೆ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದ ವಲಸಿಗರಿಗೆ ದುಭಾಷಿಗಳ ಮೂಲಕ ಈ ಪರೀಕ್ಷೆ ಮಾಡಿಸಿದರು. ವಾರಗಟ್ಟಲೆ ಸಮುದ್ರದ ಮೇಲಿದ್ದು ಬಂದ, ಬರಹ ಬಾರದ, ಪೆನ್ಸಿಲನ್ನೇ ಹಿಡಿಯದ ಜನರಿಗೆ ಬಂದ ಕಡಿಮೆ ಅಂಕವನ್ನು ಅವರ ಬುದ್ಧಿಯ ಕೊರತೆ ಎಂದು ಬಗೆದರು. ‘ಮಂದಬುದ್ಧಿ’ ಎಂದು ಮುದ್ರೆ ಬಿದ್ದವರಿಗೆ ಮಕ್ಕಳಾಗದಂತೆ ಒತ್ತಾಯದ ಶಸ್ತ್ರಚಿಕಿತ್ಸೆ ಮಾಡಿಸುವ ಕಾನೂನುಗಳು ಕೆಲವು ರಾಜ್ಯಗಳಲ್ಲಿ ಬಂದವು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ವರ್ಜೀನಿಯಾ ರಾಜ್ಯದ ಅಂಥ ಕಾನೂನನ್ನು ಎತ್ತಿಹಿಡಿಯಿತು.

ಇದನ್ನು ಬರೆಯಲು ಕಾರಣವಿದೆ. ‘ಬುದ್ಧಿ ಪರೀಕ್ಷೆಯ ಪಿತಾಮಹ ಬಿನೆ’ ಎಂದು ಒಂದು ಸಾಲು ಓದಿ ಮುಂದೆ ಹೋದರೆ, ಅದೇ ಪರೀಕ್ಷೆ ಒಬ್ಬರ ಕೈಯಲ್ಲಿ ಔಷಧಿ, ಇನ್ನೊಬ್ಬರ ಕೈಯಲ್ಲಿ ಬರೆ ಆದದ್ದು ತಿಳಿಯುವುದಿಲ್ಲ. ನಾಳೆ ಶಿಕ್ಷಕರಾಗುವವರಿಗೆ ಅದು ತಿಳಿದಿರಬೇಕು.

ನಮ್ಮ ನಾಡಿಗೆ ಬಂದದ್ದು

ಭಾರತದಲ್ಲಿ ಮನಃಶಾಸ್ತ್ರದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಅದನ್ನು ಬಿಟ್ಟರೆ ಬಹಳ ಹಳೆಯದು ನಮ್ಮ ಮೈಸೂರು ವಿಶ್ವವಿದ್ಯಾಲಯದ್ದು, 1924ರಲ್ಲಿ. ಆಗ ಅಲ್ಲಿಯ ಕುಲಪತಿ ಬ್ರಜೇಂದ್ರನಾಥ ಸೀಲ್. ವಿಭಾಗ ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಡಾ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿದ, ‘ಆಕಾಶವಾಣಿ’ ಹೆಸರಿನೊಡನೆ ನಾವು ನೆನೆಯುವ ಗೋಪಾಲಸ್ವಾಮಿಯವರು ಇವರೇ. ಮೂಲತಃ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು.

ಆದರೆ ನಮ್ಮ ಸೀಮೆ ಆಗ ಮೈಸೂರಿನಲ್ಲಿರಲಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿಗಳೆಲ್ಲ ಒಂದೇ ಆಡಳಿತದಲ್ಲೂ ಇರಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದ ಭಾಗ. ಸರ್ಕಾರದ ಕಡತ, ದೊಡ್ಡ ಹುದ್ದೆ, ಮೇಲಿನ ಶಿಕ್ಷಣ ಎಲ್ಲದರಲ್ಲೂ ಮರಾಠಿಯ ಜೋರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಧಾರವಾಡದಲ್ಲಿ ಹುಟ್ಟಿದ್ದು ಈ ಸ್ಥಿತಿಯಲ್ಲೇ. ಕಾಲೇಜು ಓದಲು ನಮ್ಮ ಹುಡುಗರು ಪುಣೆ, ಮುಂಬಯಿಗೆ ಹೋಗಬೇಕಿತ್ತು. ಆ ಕೊರತೆ ನೀಗಲು 1917ರಲ್ಲಿ ಕರ್ನಾಟಕ ಕಾಲೇಜು ಬಂತು.

ಇಂಥ ಎರಡು ಭಾಷೆಗಳ ಸೀಮೆಯಲ್ಲಿ ವಿ.ವಿ. ಕಾಮತರು ಕೆಲಸಕ್ಕೆ ಕೈಹಾಕಿದರು. ಬುದ್ಧಿ ಪರೀಕ್ಷೆಯನ್ನು ಭಾರತಕ್ಕೆ ಹೊಂದಿಸುವ ಯತ್ನ ಅದಕ್ಕೂ ಮೊದಲು ನಡೆದಿತ್ತು. ಲಾಹೋರಿನ ಸಿ.ಎಚ್. ರೈಸ್ 1929ರಲ್ಲಿ ಹಿಂದುಸ್ತಾನಿಯಲ್ಲಿ ಒಂದು ಮಾಪಕ ಪ್ರಕಟಿಸಿದ್ದರು. ಕಾಮತರು ಟರ್ಮನ್‌ರ 1916ರ ಪರೀಕ್ಷೆಯನ್ನು ತೆಗೆದುಕೊಂಡು, ಕನ್ನಡ ಮತ್ತು ಮರಾಠಿ ಮನೆಮಾತಿನ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಧಾರವಾಡದ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ, ಪ್ರಶ್ನೆ ಕೇಳಿ, ಯಾವ ವಯಸ್ಸಿನವರು ಯಾವುದಕ್ಕೆ ಉತ್ತರಿಸುತ್ತಾರೆ ಎಂದು ನೋಡಿ ಪ್ರಶ್ನೆಗಳನ್ನು ಹೊಸದಾಗಿ ಜೋಡಿಸಿದ ಕೆಲಸ ಅದು. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಃಶಾಸ್ತ್ರದ ಪತ್ರಿಕೆಯಲ್ಲಿ ಅವರ ಪ್ರಬಂಧ ಪ್ರಕಟವಾಯಿತು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿಯನ್ನು ಅಳೆಯುವ ಬಗೆ ಕುರಿತ ಅವರ ಇಂಗ್ಲಿಷ್ ಪುಸ್ತಕವನ್ನು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಹೊರತಂದಿತು.

ಬರೀ ಅನುವಾದ ಮಾಡಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಸಾಕಾಗದು. ಒಂದು ಪ್ರಶ್ನೆ ಕ್ಯಾಲಿಫೋರ್ನಿಯಾದ ಎಂಟು ವರ್ಷದ ಮಗುವಿಗೆ ಸುಲಭವೆಂದ ಮಾತ್ರಕ್ಕೆ ಧಾರವಾಡದ ಎಂಟು ವರ್ಷದ ಮಗುವಿಗೂ ಸುಲಭ ಎನ್ನಲಾಗದು. ಭಾಷೆ ಬೇರೆ, ಮನೆಯಲ್ಲಿ ಕಾಣುವ ವಸ್ತು ಬೇರೆ, ಶಾಲೆ ಬೇರೆ. ಆದ್ದರಿಂದ ಅಳೆಯಬೇಕಾದ ಜನರಲ್ಲೇ ಮೊದಲು ಪ್ರಯೋಗಿಸಿ ಸರಾಸರಿ ಕಂಡುಕೊಳ್ಳಬೇಕು. ಇದೇ ‘ಪ್ರಮಾಣೀಕರಣ’. ಹಾಗೆ ಸಿಕ್ಕ ಸರಾಸರಿಗಳೇ ‘ಮಾನಕ’ಗಳು. ಗೈಡಿನಲ್ಲಿ ಈ ಎರಡು ಪದಗಳಿಗೆ ಒಂದೊಂದು ಸಾಲಿನ ವ್ಯಾಖ್ಯೆ ಇರುತ್ತದೆ. ಆ ಸಾಲಿನ ಒಳಗೆ 1930ರ ದಶಕದ ಧಾರವಾಡದ ಹುಡುಗ ಹುಡುಗಿಯರು ಕುಳಿತಿದ್ದಾರೆ ಎಂದು ತಿಳಿದ ದಿನ ನನಗೆ ರೋಮಾಂಚನವಾಯಿತು. ಅವರಲ್ಲಿ ನಮ್ಮ ಅಜ್ಜ, ಅಜ್ಜಿಯರ ವಾರಿಗೆಯವರು ಇದ್ದಾರೆ. ಅವರು ಅಂದು ಕೊಟ್ಟ ಉತ್ತರಗಳ ತಳಹದಿಯ ಮೇಲೆ ನಿಂತ ಬಿನೆ–ಕಾಮತ್ ಪರೀಕ್ಷೆಯನ್ನು ಇಂದಿಗೂ ದೇಶದ ಹಲವು ದವಾಖಾನೆಗಳಲ್ಲಿ ಬಳಸುತ್ತಾರೆ. 3ರಿಂದ 22 ವರ್ಷದವರೆಗಿನ ಗುಂಪುಗಳು ಅದರಲ್ಲಿವೆ.

ತಕ್ಕಡಿಗೆ ಮುದ್ರೆ ಹಾಕಿಸಬೇಕು

ಹೆಮ್ಮೆಪಟ್ಟ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಹೆಸರು, ಕಡಲೆ, ಹತ್ತಿ ಮಾರಲು ಹೋದಾಗ ನಾವು ಮೊದಲು ನೋಡುವುದು ತಕ್ಕಡಿಯನ್ನು. ತೂಕ ಮತ್ತು ಕಲ್ಲುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿ ಸರ್ಕಾರದ ಮುದ್ರೆ ಹಾಕಿಸಬೇಕೆಂಬ ಕಾನೂನು ಇದೆ. ಸವೆದ ಕಲ್ಲಿನಿಂದ ತೂಗಿದರೆ ನಷ್ಟ ಯಾರಿಗೆಂದು ರೈತರ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ನನ್ನ ಉದ್ಯೋಗದಲ್ಲೂ ಹಳೆಯ ಸಾಫ್ಟ್‌ವೇರನ್ನು ಪರಿಷ್ಕರಿಸದೆ ಹಾಗೆಯೇ ಓಡಿಸಿದರೆ ಒಂದು ದಿನ ಕೈಕೊಡುತ್ತದೆ.

ಬುದ್ಧಿಯ ಅಳತೆಗೂ ಈ ನಿಯಮ ಅನ್ವಯಿಸುತ್ತದೆ. ನ್ಯೂಜಿಲೆಂಡಿನ ಜೇಮ್ಸ್ ಫ್ಲಿನ್ 1984 ಮತ್ತು 1987ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಒಂದು ಸಂಗತಿ ತೋರಿಸಿದರು. ಅನೇಕ ದೇಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಜನರ ಅಂಕ ಏರುತ್ತಿದೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕದಷ್ಟು. ಶಾಲೆ, ಆಹಾರ, ಆರೋಗ್ಯ, ಚಿತ್ರ ಮತ್ತು ಯಂತ್ರಗಳ ಪರಿಚಯ ಹೆಚ್ಚಿದ್ದು ಇದಕ್ಕೆ ಕಾರಣಗಳೆಂದು ಹೇಳುತ್ತಾರೆ. ಇದರ ಅರ್ಥ, ಬಹಳ ಹಳೆಯ ಮಾನಕದ ಎದುರು ಇಂದಿನ ಮಗುವನ್ನು ನಿಲ್ಲಿಸಿದರೆ ಅಂಕ ಇರಬೇಕಾದದ್ದಕ್ಕಿಂತ ಹೆಚ್ಚು ಬರುವ ಸಂಭವವಿದೆ.

ಹೆಚ್ಚು ಬಂದರೆ ಒಳ್ಳೆಯದೇ ಅಲ್ಲವೇ ಎನ್ನಬಹುದು. ಬೌದ್ಧಿಕ ಅಂಗವಿಕಲತೆಯ ಪ್ರಮಾಣಪತ್ರಕ್ಕೆ 70 ಒಂದು ಗಡಿ. ಮಗುವಿನ ದಿನನಿತ್ಯದ ನಡವಳಿಕೆಯನ್ನೂ ಅಳೆಯುತ್ತಾರೆ, ಆದರೆ ಈ ಅಂಕಿಯ ತೂಕ ದೊಡ್ಡದು. ಗಡಿಯ ಈಚೆ ಇದ್ದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಸೌಲಭ್ಯಗಳಿವೆ. ಆಚೆ ಇದ್ದರೆ ಇಲ್ಲ. 72 ಬಂದ ಮಗು ಸರಾಸರಿಯವರ ಜೊತೆಯೂ ಓಡಲಾರದು, ಸೌಲಭ್ಯದ ಸಾಲಿನಲ್ಲಿಯೂ ನಿಲ್ಲಲಾರದು. ಆ ಮೇಡಂ ಮಾರಿ ಸಣ್ಣ ಮಾಡಿದ್ದು ಇದಕ್ಕೇ ಇರಬೇಕು. ಹೀಗಾಗಿಯೇ ಅನುಭವಿ ಮನಃಶಾಸ್ತ್ರಜ್ಞರು ಒಂದೇ ಪರೀಕ್ಷೆಯ ಮೇಲೆ ನಿಲ್ಲುವುದಿಲ್ಲ. ಭಾರತದ ಮಕ್ಕಳಿಗೆಂದು ಮ್ಯಾಲಿನ್ ಹೊಂದಿಸಿದ ಮಾಪಕ, ಓದು ಬರಹ ಬಾರದವರಿಗೂ ಕೊಡಬಹುದಾದ ಭಾಟಿಯಾ ಅವರ 1955ರ ಕ್ರಿಯಾ ಪರೀಕ್ಷೆಗಳು ಇಂಥವನ್ನೂ ನೋಡುತ್ತಾರೆ. ಎರಡು, ಮೂರು ಅಂಕ ಆಚೀಚೆ ಆಗುವುದು ಯಾವ ಪರೀಕ್ಷೆಯಲ್ಲೂ ಸಹಜ ಎಂಬುದನ್ನೂ ಅವರು ಮರೆಯುವುದಿಲ್ಲ.

1934ರ ಇನ್ನೊಂದು ಮಾತು

ಕಾಮತರ ಪ್ರಬಂಧ ಬಂದ ವರ್ಷವೇ, 1934ರ ಜೂನ್‌ನಲ್ಲಿ, ಮಾಸ್ಕೋದಲ್ಲಿ ಲೆವ್ ವೈಗೋಟ್‌ಸ್ಕಿ ಕ್ಷಯರೋಗದಿಂದ ತೀರಿಕೊಂಡರು. ವಯಸ್ಸು 37. ಟಿಇಟಿ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಅವರು ಕೊಟ್ಟ ಒಂದು ಉದಾಹರಣೆ ನನಗೆ ಈ ಇಡೀ ಚರಿತ್ರೆಯ ತಿರುಳು ಎನಿಸಿದೆ.

ಇಬ್ಬರು ಮಕ್ಕಳು. ಇಬ್ಬರಿಗೂ ಹತ್ತು ವರ್ಷ. ಪರೀಕ್ಷೆ ಮಾಡಿದರೆ ಇಬ್ಬರ ಮಾನಸಿಕ ವಯಸ್ಸೂ ಎಂಟು. ಬಿನೆಯ ಲೆಕ್ಕದಲ್ಲಿ ಇಬ್ಬರೂ ಒಂದೇ. ವೈಗೋಟ್‌ಸ್ಕಿ ಅಲ್ಲಿಗೆ ನಿಲ್ಲಿಸಬೇಡಿ ಎಂದರು. ಈಗ ಜೊತೆಗೆ ಕುಳಿತು ಸ್ವಲ್ಪ ದಾರಿ ತೋರಿಸಿ. ಮೊದಲ ಹೆಜ್ಜೆ ನೀವು ಹಾಕಿಕೊಡಿ, ಸುಳಿವು ಕೊಡಿ. ಆಗ ಒಂದು ಮಗು ಒಂಬತ್ತು ವರ್ಷದವರ ಪ್ರಶ್ನೆಯವರೆಗೆ ಬರುತ್ತದೆ, ಇನ್ನೊಂದು ಹನ್ನೆರಡು ವರ್ಷದವರ ಪ್ರಶ್ನೆಯನ್ನೂ ಬಿಡಿಸುತ್ತದೆ. ಹಾಗಾದರೆ ಇಬ್ಬರೂ ಒಂದೇ ಹೇಗಾದಾರು? ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಆಸರೆಯಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರವೇ ‘ಸಮೀಪ ವಿಕಾಸದ ವಲಯ’. ಕಲಿಸುವವರ ಕೆಲಸ ಇರುವುದು ಆ ಅಂತರದಲ್ಲಿ. 1936ರಲ್ಲಿ ಸೋವಿಯತ್ ಸರ್ಕಾರ ಶಾಲೆಗಳಲ್ಲಿ ಮನೋಪರೀಕ್ಷೆಗಳನ್ನು ನಿಷೇಧಿಸಿದಾಗ ವೈಗೋಟ್‌ಸ್ಕಿಯವರ ಬರಹಗಳೂ ಮೂಲೆಗೆ ಬಿದ್ದವು. ಹೊರಜಗತ್ತಿಗೆ ಅವರು ಪರಿಚಯವಾದದ್ದು 1960ರ ನಂತರ. ಆ ‘ಆಸರೆ’ಯ ಕಲ್ಪನೆಯನ್ನು 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ತಮ್ಮ ಪ್ರಬಂಧದಲ್ಲಿ ಬೆಳೆಸಿದರು. ಮನೆ ಕಟ್ಟುವಾಗ ಗೌಂಡಿಗಳು ಹಾಕುವ ಗಳುಗಳಂತೆ: ಗೋಡೆ ನಿಂತ ಮೇಲೆ ಗಳು ಬಿಚ್ಚಬೇಕು.

ಶ್ಯಾಣ್ಯಾ ಮತ್ತು ದಡ್ಡ

ಈಗ ನಮ್ಮ ಮಾತಿಗೆ ಬರುತ್ತೇನೆ. ಹೈಸ್ಕೂಲಿಗೆ ಬರುವ ಮೊದಲೇ ನಮ್ಮಿಬ್ಬರಿಗೂ ಹೆಸರು ಬಿದ್ದಿತ್ತು. ನಾನು ‘ಶ್ಯಾಣ್ಯಾ’, ಅವನು ‘ದಡ್ಡ’. ಮನೆಯಲ್ಲಿ, ಓಣಿಯಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಯಾವ ಪರೀಕ್ಷೆಯನ್ನೂ ಯಾರೂ ಮಾಡಿರಲಿಲ್ಲ.

ಎಸ್ಸೆಸ್ಸೆಲ್ಸಿ ವರ್ಷ ಸಂಕ್ರಾಂತಿ ಕಳೆದ ಮೇಲೆ ನಮ್ಮನ್ನು ಶಾಲೆಯಲ್ಲೇ ಮಲಗಿಸಿ ಓದಿಸುತ್ತಿದ್ದುದು ನಿಮ್ಮಲ್ಲಿ ಬಹಳ ಜನರಿಗೆ ನೆನಪಿರಬಹುದು. ಮನೆಯಿಂದ ಬುತ್ತಿ, ಚಾದರ ತರುತ್ತಿದ್ದೆವು. ಕರೆಂಟು ಹೋದರೆ ಕಂದೀಲು. ಗಣಿತದ ಗುರುಗಳು ರಾತ್ರಿ ಹತ್ತರವರೆಗೆ ನನ್ನ ಕಾಕಾನ ಮಗನ ಪಕ್ಕ ಕೂಡುತ್ತಿದ್ದರು. ಲೆಕ್ಕದ ಮೊದಲ ಸಾಲು ತಾವು ಬರೆದು, ಎರಡನೆಯದು ನೀನು ಬರಿ ಎನ್ನುತ್ತಿದ್ದರು. ವಾರ ಕಳೆದ ಮೇಲೆ ಮೊದಲ ಸಾಲೂ ಅವನದೇ. ವೈಗೋಟ್‌ಸ್ಕಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಅರ್ಧವಾರ್ಷಿಕದಲ್ಲಿ ಗಣಿತದಲ್ಲಿ 11 ತೆಗೆದಿದ್ದವನು ಬೋರ್ಡ್ ಪರೀಕ್ಷೆಯಲ್ಲಿ 41 ತೆಗೆದು ಪಾಸಾದ.

ಆದರೂ ಅವನು ಕಾಲೇಜಿಗೆ ಬರಲಿಲ್ಲ. ಯಾಕೋ ಎಂದರೆ, ‘ಅದು ಸರ್ ಬಾಜೂಕ ಕೂತಿದ್ರು ಅಂತ ಬಂತು ಅಣ್ಣಾ, ನನಗ ಬಂದದ್ದಲ್ಲ’ ಎಂದ. ಗಳು ಬಿಚ್ಚಿದರೂ ಗೋಡೆ ನಿಂತಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಬಿದ್ದ ಹೆಸರೂ ಸುಮ್ಮನಿರಲಿಲ್ಲ. ಎಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲಿ ಗಣಿತ ಫೇಲಾದಾಗ ಶ್ಯಾಣ್ಯಾ ಫೇಲಾಗಬಾರದೆಂದು ಮನೆಯಲ್ಲಿ ಒಂದು ವರ್ಷ ಮುಚ್ಚಿಟ್ಟೆ, ಯಾರ ಸಹಾಯವನ್ನೂ ಕೇಳಲಿಲ್ಲ.

1968ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್ಸನ್ ಪ್ರಕಟಿಸಿದ ಪ್ರಯೋಗವೊಂದಿದೆ. ಕ್ಯಾಲಿಫೋರ್ನಿಯಾದ ಒಂದು ಪ್ರಾಥಮಿಕ ಶಾಲೆಯಲ್ಲಿ ಐದರಲ್ಲಿ ಒಬ್ಬರಷ್ಟು ಮಕ್ಕಳ ಹೆಸರನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ಚೆನ್ನಾಗಿ ಬೆಳೆಯುವವರು ಎಂದು ಶಿಕ್ಷಕರಿಗೆ ಹೇಳಿದರು. ವರ್ಷದ ಕೊನೆಗೆ ಒಂದು, ಎರಡನೆಯ ತರಗತಿಗಳಲ್ಲಿ ಆ ಮಕ್ಕಳ ಬುದ್ಧಿಲಬ್ಧ ಉಳಿದವರಿಗಿಂತ ಹೆಚ್ಚು ಏರಿತ್ತು. ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ಆಮೇಲೆ ಬಹಳ ವಾದ ನಡೆಯಿತು. ಆದರೂ ಶಿಕ್ಷಕರ ನಿರೀಕ್ಷೆ ಮಗುವಿಗೆ ತಲುಪುತ್ತದೆ ಎಂಬ ಮಾತು ಉಳಿಯಿತು. ಪರೀಕ್ಷೆಯಲ್ಲಿ ಇದನ್ನು ‘ಪಿಗ್ಮೇಲಿಯನ್ ಪರಿಣಾಮ’ ಎಂದು ಕೇಳುತ್ತಾರೆ.

ಪರೀಕ್ಷೆಗೆ ಕೂಡುವವರಿಗೆ

ಗುರುಗಳು ಉಪಯೋಗ ಆಗುವಂಥದ್ದು ಬರೆ ಎಂದಿದ್ದರು. ಆದ್ದರಿಂದ ಮೇಲಿನದನ್ನೆಲ್ಲ ಒಂದೆಡೆ ಕೊಡುತ್ತೇನೆ.

1. ಮಾನಸಿಕ ವಯಸ್ಸು: ಬಿನೆ ಮತ್ತು ಸಿಮೋನ್, ಮೊದಲ ಪರೀಕ್ಷೆ 1905, ವಯಸ್ಸಿನ ಗುಂಪುಗಳು 1908.
2. ಬುದ್ಧಿಲಬ್ಧ: ಭಾಗಿಸುವ ಯೋಚನೆ ಸ್ಟರ್ನ್ ಅವರದು (1912), ನೂರರಿಂದ ಗುಣಿಸಿ ಬಳಕೆಗೆ ತಂದವರು ಟರ್ಮನ್ (1916). ಈ ಇಬ್ಬರನ್ನು ಅದಲು ಬದಲು ಮಾಡಿ ಕೇಳುತ್ತಾರೆ, ಎಚ್ಚರ.
3. ಸಾಮಾನ್ಯ ಅಂಶ: ಎಲ್ಲ ಬೌದ್ಧಿಕ ಕೆಲಸಗಳ ಹಿಂದೆ ‘ಜಿ’ ಎಂಬ ಒಂದು ಶಕ್ತಿ ಇದೆ ಎಂದವರು ಸ್ಪಿಯರ್‌ಮನ್ (1904), ಗೋಪಾಲಸ್ವಾಮಿಯವರ ಗುರುಗಳು. ಒಂದಲ್ಲ, ಏಳು ಮೂಲ ಸಾಮರ್ಥ್ಯಗಳು ಎಂದವರು ಥರ್ಸ್ಟನ್ (1938). ಬುದ್ಧಿಗಳೇ ಹಲವು ಎಂದವರು ಹೋವರ್ಡ್ ಗಾರ್ಡ್ನರ್ (1983).
4. ಪ್ರಮಾಣೀಕರಣ ಮತ್ತು ಮಾನಕ: ಕನ್ನಡ, ಮರಾಠಿ ಮಕ್ಕಳಿಗೆ ಕಾಮತರ ಪರಿಷ್ಕರಣೆ (1934).
5. ವಿಶ್ವಸನೀಯತೆ ಮತ್ತು ಸಪ್ರಮಾಣತೆ: ಮತ್ತೆ ಮತ್ತೆ ತೂಗಿದರೂ ಅದೇ ತೂಕ ಬಂದರೆ ತಕ್ಕಡಿ ವಿಶ್ವಸನೀಯ. ತೂಗಬೇಕಾದದ್ದನ್ನೇ ತೂಗಿದರೆ ಸಪ್ರಮಾಣ. ಸವೆದ ಕಲ್ಲು ಪ್ರತಿಸಲ ಒಂದೇ ತಪ್ಪು ತೂಕ ಕೊಡುತ್ತದೆ: ವಿಶ್ವಸನೀಯ, ಆದರೆ ಸಪ್ರಮಾಣವಲ್ಲ.
6. ಸಮೀಪ ವಿಕಾಸದ ವಲಯ: ವೈಗೋಟ್‌ಸ್ಕಿ. ಆಸರೆ: ವುಡ್, ಬ್ರೂನರ್, ರಾಸ್ (1976).

ಕನ್ನಡದಲ್ಲಿ ಓದಲು ಸಾಮಗ್ರಿ ಇಲ್ಲ ಎಂದು ಯಾರೂ ಹಿಂಜರಿಯಬೇಕಿಲ್ಲ. ‘ಕೊರವಂಜಿ’ ಪತ್ರಿಕೆ ನಡೆಸಿ ನಾಡನ್ನೇ ನಗಿಸಿದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಜನಸಾಮಾನ್ಯರಿಗೆ ತಿಳಿಯುವ ಭಾಷೆಯಲ್ಲಿ ಹಲವಾರು ಪುಸ್ತಕ ಬರೆದಿದ್ದಾರೆ. ಇಂಥ ಪುಸ್ತಕಗಳ ಒಂದು ಕಟ್ಟನ್ನು ಮಹೋತ್ಸವದ ನೆನಪಿಗೆ ಶಾಲೆಯ ಗ್ರಂಥಾಲಯಕ್ಕೆ ತಂದುಕೊಡುತ್ತೇನೆ. ಟಿಇಟಿಗೆ ಓದುವ ಊರಿನ ಮಕ್ಕಳಿಗೂ ಅವು ಸಿಗುವಂತಾಗಲಿ ಎಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಕಾಕಾನ ಮಗನ ಜೊತೆ ಹೊಲದ ಬದುವಿನ ಮೇಲೆ ಕುಳಿತು ಇದನ್ನೆಲ್ಲ ಹೇಳಿದೆ. 72 ಎಂದರೆ ನಿನ್ನ ಮಗಳು ಆ ದಿನ, ಆ ಖೋಲಿಯಲ್ಲಿ, ಒಬ್ಬಳೇ ಕುಳಿತು ಮಾಡಿದ್ದು ಇಷ್ಟು ಎಂದರ್ಥ, ಅದು ಅವಳ ಹಣೆಬರಹ ಅಲ್ಲ ಎಂದೆ. ಸುಮ್ಮನೆ ಕೇಳಿಸಿಕೊಂಡ. ಎದ್ದು ಹೊರಡುವಾಗ, ‘ಮತ್ತ ಯಾರರ ಬಾಜೂಕ ಕೂತ್ರ?’ ಎಂದು ಕೇಳಿದ.

ವೈಗೋಟ್‌ಸ್ಕಿ ಕೇಳಿದ್ದೂ ಅದನ್ನೇ ಎಂದು ಹೇಳಲಿಲ್ಲ. ಈಗ ನನ್ನ ತಂಗಿ ರಜೆಗೆ ಬಂದಾಗಲೆಲ್ಲ ಸಂಜೆ ಅವಳನ್ನು ಕೂರಿಸಿಕೊಳ್ಳುತ್ತಾಳೆ. ಉಳಿದ ದಿನ ಅವನೇ ಕೂಡುತ್ತಾನೆ. ಮೊದಲ ಸಾಲು ತಾನು ಬರೆದು, ಎರಡನೆಯದು ನೀನು ಬರಿ ಎನ್ನುತ್ತಾನಂತೆ. ಈ ಪಾಠವನ್ನು ಅವನು ಕಲಿತದ್ದು ನಮ್ಮ ಶಾಲೆಯಲ್ಲಿ, ಕಂದೀಲಿನ ಬೆಳಕಿನಲ್ಲಿ. ಅಂದು ಅವನ ಪಕ್ಕ ಕುಳಿತ ಗುರುಗಳಿಗೂ, ಐವತ್ತು ವರ್ಷಗಳಲ್ಲಿ ಹಾಗೆ ಕುಳಿತ ಎಲ್ಲ ಗುರುಗಳಿಗೂ ನನ್ನ ನಮಸ್ಕಾರಗಳು.